ರಕ್ತದ ನಂಜಿಗೆ ಜೀವಸತ್ತ್ವದ ಚಿಕಿತ್ಸೆ

ಮಲೆನಾಡಿನ ಕಡೆಯ ಗೃಹಿಣಿಯೊಬ್ಬರು ಕಳೆದ ತಿಂಗಳು ನಮಗೊಂದು ಪತ್ರವನ್ನು ಬರೆದಿದ್ದಾರೆ. ಅವರ ಮೈದುನನಿಗೆ ಕಾಲಿನಲ್ಲಿ ಗಾಯವಾಗಿ, ಅದು ಕೀವುಗಟ್ಟಿ, ನಂಜು ರಕ್ತಕ್ಕೇರಿ, ನಗರದ ಆಸ್ಪತ್ರೆಯೊಂದರಲ್ಲಿ ಎಂಟು ದಿನಗಳಿದ್ದು ಆತನು ತೀರಿಕೊಂಡನಂತೆ. ಆತನು ಹಾಸಿಗೆಯಲ್ಲಿದ್ದಾಗ ದೂರದ ನೆಂಟರೊಬ್ಬರು ಫೋನಿನ ಮೂಲಕ ಒಂದು ಸುದ್ದಿಯನ್ನು ಕಳುಹಿಸಿದರು. ಅಮೆರಿಕಾ ದೇಶದ ವೈದ್ಯರೊಬ್ಬರು ಸಿ ಜೀವಸತ್ತ್ವವನ್ನೂ ಮತ್ತೆರಡು ಅಗ್ಗದ ಔಷಧಗಳನ್ನೂ ರಕ್ತನಾಳದಲ್ಲಿ ಕೊಟ್ಟು ಇಂತಹ ರೋಗಿಗಳನ್ನು ಸಾವಿನ ಬಾಯಿಂದ ಹಿಂದಕ್ಕೆ ತಂದಿದ್ದಾರೆಂಬುದು ಆ ಸುದ್ದಿ. ಮನೆಯವರು ಅದನ್ನು ವೈದ್ಯರಿಗೆ ತೋರಿಸಿದರು; ವೈದ್ಯರು ಓದಿ, ಬೇಡವೆಂದು ತಲೆಯಾಡಿಸಿ, ಹಿಂದಕ್ಕೆ ಕೊಟ್ಟರು. ತಾವು ಪಟ್ಟು ಹಿಡಿದು ಆ ಮದ್ದನ್ನು ಕೊಡಿಸಿದ್ದರೆ ಹುಡುಗನು ಉಳಿಯುತ್ತಿದ್ದನೆ ಎಂಬ ಪ್ರಶ್ನೆಯು ತಮ್ಮ ಅತ್ತೆಯವರಿಗೆ ರಾತ್ರಿ ನಿದ್ರೆಯನ್ನು ಕೊಡದೆ ಇದೆಯೆಂದೂ, ಈ ವಿಷಯದಲ್ಲಿ ನಿಜವೇನೆಂಬುದನ್ನು ತಿಳಿಸಬೇಕೆಂದೂ ಅವರು ಕೇಳಿದ್ದಾರೆ.

ನಾವು ವೈದ್ಯರಲ್ಲ. ಮೂವತ್ತೈದು ವರ್ಷ ಹುಡುಗರಿಗೆ ಶಬ್ದ ಧಾತು ಸಮಾಸಗಳನ್ನು ಹೇಳಿಕೊಟ್ಟು, ಬಿಡುವಿನ ವೇಳೆಯಲ್ಲಿ ತರ್ಕಸಂಗ್ರಹವನ್ನು ತಿರುವಿಹಾಕಿದವರು. ಚಿಕಿತ್ಸೆಯನ್ನು ಹೇಳುವುದು ನಮ್ಮ ಅಧಿಕಾರವಲ್ಲ. ಆದರೆ ಈ ಪತ್ರದಲ್ಲಿ ಕೇಳಿರುವುದು ಚಿಕಿತ್ಸೆಯನ್ನಲ್ಲ. ಒಂದು ಕಾರ್ಯಕ್ಕೆ ಒಂದು ಕಾರಣವನ್ನು ಹೇಳಿದರೆ ಅದನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದನ್ನು. ಆ ವಿಚಾರವು ನಮ್ಮ ಹಳೆಯ ಪಾಠವೇ ಆಗಿರುವುದರಿಂದ, ಪ್ರಕಟವಾಗಿರುವ ಪ್ರಯೋಗಗಳ ವೃತ್ತಾಂತಗಳನ್ನು ಓದಿ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ರೋಗದ ಮಾತು. ಇಂಗ್ಲಿಷ್ ವೈದ್ಯರು ಇದನ್ನು ಸೆಪ್ಸಿಸ್ ಎಂದು ಕರೆಯುತ್ತಾರೆ. ಅದು ಕೊಳೆಯುವಿಕೆ ಎಂಬ ಅರ್ಥದ ಹಳೆಯ ಗ್ರೀಕ್ ಶಬ್ದ. ನಮ್ಮ ಮನೆಗಳಲ್ಲಿ ‘ನಂಜೇರಿತು’ ಎಂದರೆ ಸಾಕು, ಅರ್ಥವಾಗುತ್ತದೆ. ಆದರೆ ನಂಜೇರುವುದೆಂದರೆ ಕ್ರಿಮಿಗಳು ರಕ್ತದಲ್ಲಿ ತುಂಬಿಕೊಂಡು ಮನುಷ್ಯನನ್ನು ತಿಂದುಹಾಕುವುದೆಂದು ನಾವೆಲ್ಲರೂ ಭಾವಿಸಿರುವುದು ಪೂರ್ತಿ ಸರಿಯಲ್ಲ. 2016ರಲ್ಲಿ ವೈದ್ಯಪಂಡಿತರು ಒಟ್ಟುಗೂಡಿ ಮಾಡಿದ ಲಕ್ಷಣವಾಕ್ಯದ ಪ್ರಕಾರ, ಸೋಂಕಿಗೆ ದೇಹವು ತೋರುವ ಪ್ರತಿಕ್ರಿಯೆಯು ಹದ ತಪ್ಪಿ, ಆ ಪ್ರತಿಕ್ರಿಯೆಯಿಂದಲೇ ದೇಹದ ಅಂಗಗಳು ಪ್ರಾಣಾಪಾಯವಾಗುವಂತೆ ಕೆಡುವುದೇ ಸೆಪ್ಸಿಸ್ಸು. ಕಳ್ಳನು ಒಳಹೊಕ್ಕನೆಂದು ಮನೆಯವರೇ ದೊಣ್ಣೆ ಹಿಡಿದು ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ಬಡಿದುಕೊಂಡಂತೆ. ರಕ್ತನಾಳಗಳು ಸಡಿಲವಾಗಿ ಸೋರುತ್ತವೆ, ರಕ್ತದೊತ್ತಡವು ಕುಸಿಯುತ್ತದೆ, ಮೂತ್ರಪಿಂಡ, ಶ್ವಾಸಕೋಶ, ಮಿದುಳು ಒಂದಾದ ಮೇಲೊಂದು ಮಂಕಾಗುತ್ತವೆ. ಸಲೈನು ಹನಿಸಿದರೂ ಒತ್ತಡವು ಏಳದೆ, ನಾಳಗಳನ್ನು ಬಿಗಿಗೊಳಿಸುವ ಔಷಧವನ್ನು ಎಡೆಬಿಡದೆ ಕೊಡಬೇಕಾಗಿ ಬಂದರೆ, ರೋಗವು ಅತ್ಯಂತ ವಿಷಮವಾದ ಘಟ್ಟವನ್ನು ಮುಟ್ಟಿತೆಂದು ತಿಳಿಯಬೇಕು. 2017ನೆಯ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 4 ಕೋಟಿ 89 ಲಕ್ಷ ಮಂದಿಗೆ ಈ ರೋಗವು ತಗಲಿ, ಅವರಲ್ಲಿ 1 ಕೋಟಿ 10 ಲಕ್ಷ ಮಂದಿ ಮೃತಪಟ್ಟರೆಂದು 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯು ಅಂದಾಜನ್ನು ಪ್ರಕಟಿಸಿತು. ಆ ವರ್ಷ ಸತ್ತ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು.

ಇಷ್ಟು ದೊಡ್ಡ ಮಾರಿಗೆ ಅಗ್ಗದ ಮದ್ದೊಂದು ಸಿಕ್ಕಿತೆಂದರೆ ಯಾರಿಗೆ ತಾನೆ ಸಂತೋಷವಾಗದು? ಆ ಮದ್ದಿನಲ್ಲಿದ್ದ ಮೂರು ದ್ರವ್ಯಗಳೂ ಹೊಸವಲ್ಲ. ಮೂರಕ್ಕೂ ಗೌರವಯುತವಾದ ವಂಶಾವಳಿಯುಂಟು.

ಒಂದನೆಯದು ಸಿ ಜೀವಸತ್ತ್ವ. ನೆಲ್ಲಿಕಾಯಿ, ಸೀಬೆ, ನಿಂಬೆ, ಹಸಿಮೆಣಸಿನಕಾಯಿಗಳಲ್ಲಿರುವಂಥಾದ್ದು. ಹಂಗೆರಿ ದೇಶದ ಸೆಂಟ್ ಗ್ಯೊರ್ಗಿ ಎಂಬ ವಿಜ್ಞಾನಿಯು ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ, ತನ್ನ ಊರಿನ ಕೆಂಪು ಮೆಣಸಿನಕಾಯಿಯಿಂದ ಹೇರಳವಾಗಿ ತೆಗೆದು, 1937ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಹೆಚ್ಚಿನ ಪ್ರಾಣಿಗಳು ಇದನ್ನು ತಮ್ಮ ದೇಹದಲ್ಲಿಯೇ ಮಾಡಿಕೊಳ್ಳುತ್ತವೆ. ಮನುಷ್ಯನಿಗೂ ಕೋತಿಗೂ ಆ ಶಕ್ತಿಯಿಲ್ಲ. ರಕ್ತದೊತ್ತಡವನ್ನು ಎತ್ತಿಹಿಡಿಯುವ ದ್ರವ್ಯಗಳನ್ನು ದೇಹವು ತಯಾರಿಸಬೇಕಾದರೆ ಇದರ ಸಹಾಯವು ಬೇಕು. ನಂಜೇರಿದ ರೋಗಿಗಳ ರಕ್ತದಲ್ಲಿಯಾದರೋ ಇದು ಬಹಳವಾಗಿ ಇಳಿದಿರುತ್ತದೆ. ಇಳಿದುದನ್ನು ತುಂಬಿಕೊಟ್ಟರೆ ರೋಗಿಯು ಚೇತರಿಸಿಕೊಳ್ಳಬಹುದೆಂಬ ಊಹೆಯು ಸಹಜವಾಗಿಯೇ ಇದೆ.

ಎರಡನೆಯದು ಥಯಾಮಿನ್, ಅಂದರೆ ಮೊದಲನೆಯ ಬಿ ಜೀವಸತ್ತ್ವ. ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯನು ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳು ಕಾಲುಸೋತು ಬೀಳುವುದನ್ನೂ, ತೌಡು ಹಾಕಿದರೆ ಅವು ಎದ್ದು ನಡೆಯುವುದನ್ನೂ ಕಂಡು ಬೆರಿಬೆರಿ ರೋಗದ ಮೂಲಕ್ಕೆ ದಾರಿ ತೋರಿಸಿದನು. 1929ರಲ್ಲಿ ಆತನಿಗೂ ನೊಬೆಲ್ ಪಾರಿತೋಷಕವು ಸಂದಿತು. ನಮ್ಮ ದಕ್ಷಿಣ ಕನ್ನಡದವರು ಕುಚ್ಚಲಕ್ಕಿಯ ಅನ್ನವನ್ನು ಉಣ್ಣುವರಷ್ಟೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ಈ ಸತ್ತ್ವವು ತೌಡಿನಿಂದ ಅಕ್ಕಿಯ ಒಳಕ್ಕೆ ಇಳಿದು ನಿಲ್ಲುತ್ತದೆ. ಬೆಳ್ಳಗೆ ಮಲ್ಲಿಗೆಯಂತಿರುವ ಅನ್ನವೇ ಬೇಕೆನ್ನುವ ನಮ್ಮ ಬಯಲುಸೀಮೆಯವರು ಇದನ್ನು ಕೇಳಿ ಸ್ವಲ್ಪ ನಾಚಿಕೊಳ್ಳಬಹುದು. ದೇಹವು ಸಕ್ಕರೆಯನ್ನು ಉರಿಸಿ ಶಕ್ತಿಯನ್ನು ಪಡೆಯುವ ಕಾರ್ಯದಲ್ಲಿ ಇದು ಅತ್ಯಗತ್ಯವಾದುದು. ಅಲ್ಲದೆ ಸಿ ಜೀವಸತ್ತ್ವವನ್ನು ಹೆಚ್ಚಾಗಿ ಕೊಟ್ಟಾಗ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದಾದ ಒಂದು ಆಮ್ಲವು ಹುಟ್ಟುವುದರಿಂದ, ಅದನ್ನು ತಡೆಯುವುದಕ್ಕೂ ಇದು ನೆರವಾದೀತೆಂದು ಭಾವಿಸಿದ್ದರು.

ಮೂರನೆಯದು ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡು. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕುಳಿತಿರುವ ಚಿಕ್ಕ ಗ್ರಂಥಿಗಳು ಸ್ರವಿಸುವ ರಸವೇ ಇದು. ಈ ಗ್ರಂಥಿರಸಗಳ ಸಂಶೋಧನೆಗಾಗಿ ಕೆಂಡಾಲ್, ರೈಕ್‌ಸ್ಟೀನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ಅದೇ ಪಾರಿತೋಷಕವು ದೊರೆಯಿತು. ಇದು ಮಿತಿಮೀರಿದ ಪ್ರತಿಕ್ರಿಯೆಯನ್ನು ತಣಿಸುತ್ತದೆ. ನಾಳಗಳು ಬಿಗಿಯುವ ಔಷಧಕ್ಕೆ ಓಗೊಡುವಂತೆ ಮಾಡುತ್ತದೆ. ಜೀವಸತ್ತ್ವವೂ ಸ್ಟೀರಾಯ್ಡೂ ಒಂದರ ಕೆಲಸಕ್ಕೆ ಮತ್ತೊಂದು ಒತ್ತಾಸೆಯಾಗುವುವೆಂದು ಪ್ರಯೋಗಶಾಲೆಯ ಕೆಲವು ಪರೀಕ್ಷೆಗಳು ಸೂಚಿಸಿದ್ದುವು.

ಇಂತು ಮೂರನ್ನೂ ಕೂಡಿಸಿದವರು ಪಾಲ್ ಮಾರಿಕ್ ಎಂಬ ವೈದ್ಯರು. ಅವರು ಆ ಕಾಲದಲ್ಲಿ ಅಮೆರಿಕದ ವರ್ಜಿನಿಯಾ ಸಂಸ್ಥಾನದ ನಾರ್‌ಫೋಕ್ ಪಟ್ಟಣದ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕವನ್ನು ನೋಡಿಕೊಳ್ಳುತ್ತಿದ್ದರು. ಸಿ ಜೀವಸತ್ತ್ವವನ್ನು ಆರು ಗಂಟೆಗೊಮ್ಮೆ 1.5 ಗ್ರಾಮಿನಂತೆ ನಾಲ್ಕು ದಿನ, ಥಯಾಮಿನನ್ನು ಹನ್ನೆರಡು ಗಂಟೆಗೊಮ್ಮೆ 200 ಮಿಲಿಗ್ರಾಮಿನಂತೆ ನಾಲ್ಕು ದಿನ, ಹೈಡ್ರೊಕಾರ್ಟಿಸೋನನ್ನು ಆರು ಗಂಟೆಗೊಮ್ಮೆ 50 ಮಿಲಿಗ್ರಾಮಿನಂತೆ ಏಳು ದಿನ ರಕ್ತನಾಳದಲ್ಲಿ ಕೊಡುವುದು ಅವರ ಕ್ರಮ. ನಮ್ಮ ದಿನದ ಊಟದಲ್ಲಿ ಬೇಕಾದ ಸಿ ಜೀವಸತ್ತ್ವವು ನೂರು ಮಿಲಿಗ್ರಾಮಿನೊಳಗೇ ಇರುತ್ತದೆ. ಇಲ್ಲಿ ದಿನಕ್ಕೆ ಆರು ಸಾವಿರ ಮಿಲಿಗ್ರಾಮು. ಇದು ಊಟದ ಪ್ರಮಾಣವಲ್ಲ, ಮದ್ದಿನ ಪ್ರಮಾಣವೆಂಬುದನ್ನು ವಾಚಕರು ಇಲ್ಲಿಯೇ ಗುರುತಿಸಿಕೊಳ್ಳಬೇಕು.

ಏಳು ತಿಂಗಳಲ್ಲಿ ಹೀಗೆ ಚಿಕಿತ್ಸೆ ಹೊಂದಿದವರು 47 ಮಂದಿ. ಅವರಲ್ಲಿ ಆಸ್ಪತ್ರೆಯಲ್ಲಿ ಮೃತರಾದವರು 4 ಮಂದಿ, ಎಂದರೆ ನೂರಕ್ಕೆ 8.5. ಅದಕ್ಕೆ ಹಿಂದಿನ ಏಳು ತಿಂಗಳಲ್ಲಿ ಅದೇ ಘಟಕದಲ್ಲಿ ಈ ಕೂಟವಿಲ್ಲದೆ ಚಿಕಿತ್ಸೆ ಹೊಂದಿದ 47 ಮಂದಿಯನ್ನು ದಾಖಲೆಗಳಿಂದ ತೆಗೆದು ನೋಡಿದರೆ, ಸತ್ತವರು 19, ಎಂದರೆ ನೂರಕ್ಕೆ 40.4. ‘ಚೆಸ್ಟ್’ ಎಂಬ ವೈದ್ಯಪತ್ರಿಕೆಯಲ್ಲಿ ಈ ಲೇಖನವು 2017ರಲ್ಲಿ ಅಚ್ಚಾಯಿತು. ಸುದ್ದಿಯು ದೇಶದೇಶಗಳಿಗೆ ಹರಡಿತು. ಅನೇಕ ಆಸ್ಪತ್ರೆಗಳಲ್ಲಿ ವೈದ್ಯರು, ‘ಜೀವಸತ್ತ್ವವಲ್ಲವೆ, ಕೆಡುಕೇನು?’ ಎಂದುಕೊಂಡು ಕೊಡತೊಡಗಿದರು. ಕೊಡದವರನ್ನು ರೋಗಿಗಳ ಕಡೆಯವರು ಪ್ರಶ್ನಿಸತೊಡಗಿದರು. ಇದು ಪ್ರಾಥಮಿಕ ಫಲಿತಾಂಶ, ಇನ್ನೂ ಪರೀಕ್ಷೆಗಳಾಗಬೇಕು ಎಂದು ಆ ಲೇಖನದಲ್ಲಿಯೇ ಹೇಳಿತ್ತು. ಆದರೆ ಸುದ್ದಿಯೊಂದಿಗೆ ಆ ವಾಕ್ಯವು ಪ್ರಯಾಣ ಮಾಡಲಿಲ್ಲ.

ಇಲ್ಲಿಂದ ಮುಂದಕ್ಕೆ ತರ್ಕದ ಮಾತು. ಕಾಗೆಯು ಬಂದು ತಾಳೆಯ ಮರದ ಮೇಲೆ ಕುಳಿತಿತು. ಅದೇ ಕ್ಷಣದಲ್ಲಿ ಹಣ್ಣು ಬಿದ್ದಿತು. ಕಾಗೆ ಕುಳಿತದ್ದರಿಂದಲೇ ಹಣ್ಣು ಬಿದ್ದಿತೆನ್ನಬಹುದೆ? ಇದನ್ನು ನಮ್ಮ ಹಿರಿಯರು ಕಾಕತಾಲೀಯವೆಂದು ಕರೆದರು. ಆದರೆ ನಾರ್‌ಫೋಕಿನ ಸಂಗತಿಯನ್ನು ಬರಿಯ ಕಾಕತಾಲೀಯವೆಂದು ತಳ್ಳಿಬಿಡುವುದು ನ್ಯಾಯವಾಗಲಾರದು. ಒಂದು ಹಣ್ಣಲ್ಲ, ಹದಿನೈದು ಪ್ರಾಣಗಳ ವ್ಯತ್ಯಾಸವದು. ಅದಕ್ಕಿಂತ ಸೂಕ್ಷ್ಮವಾದ ದೋಷವೊಂದನ್ನು ನೈಯಾಯಿಕರು ಹೇಳುತ್ತಾರೆ. ಅದಕ್ಕೆ ಉಪಾಧಿ ಎಂದು ಹೆಸರು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಒಬ್ಬನು ಸಾಧಿಸಹೊರಟನೆನ್ನಿ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಕಾರಣ ಬರಿಯ ಬೆಂಕಿಯಲ್ಲ, ಹಸಿಯ ಸೌದೆ. ಆ ಹಸಿಯ ಸೌದೆಯು ಕಣ್ಣಿಗೆ ಬೀಳದೆ ಬೆಂಕಿಯ ಹಿಂದೆ ಅಡಗಿ ಕುಳಿತು ನಮ್ಮನ್ನು ವಂಚಿಸುತ್ತದೆ. ಅದೇ ಉಪಾಧಿ.

ನಾರ್‌ಫೋಕಿನಲ್ಲಿ ಹಸಿಯ ಸೌದೆ ಯಾವುದಿದ್ದಿರಬಹುದು? ಹಿಂದಿನ ಏಳು ತಿಂಗಳಿಗೂ ಮುಂದಿನ ಏಳು ತಿಂಗಳಿಗೂ ಋತುವು ಬೇರೆ, ಬಂದ ಸೋಂಕುಗಳು ಬೇರೆ ಇರಬಹುದು. ಹೊಸ ಚಿಕಿತ್ಸೆಯನ್ನು ಆರಂಭಿಸಿದ ವೈದ್ಯರೂ ದಾದಿಯರೂ ಉತ್ಸಾಹದಿಂದ ಆ ರೋಗಿಗಳನ್ನು ಹೆಚ್ಚು ಎಚ್ಚರದಿಂದ ನೋಡಿಕೊಂಡಿರಬಹುದು. ಆಂಟಿಬಯಾಟಿಕ್ ಔಷಧವು ಒಂದು ಗಂಟೆ ಮೊದಲೇ ಬಿದ್ದಿರಬಹುದು. ಯಾರಿಗೆ ಏನು ಕೊಟ್ಟಿದೆಯೆಂಬುದು ಎಲ್ಲರಿಗೂ ಗೊತ್ತಿತ್ತು. ಮೇಲಾಗಿ ಸ್ಟೀರಾಯ್ಡು ಮುಂದಿನವರೆಲ್ಲರಿಗೂ ದೊರೆಯಿತು. ಹಿಂದಿನವರಲ್ಲಿ ವೈದ್ಯರ ಇಚ್ಛೆಯಂತೆ ಕೆಲವರಿಗೆ ಮಾತ್ರ. ಇದ್ದರೆ ಆಗುವುದು, ಇಲ್ಲದಿದ್ದರೆ ಆಗದು ಎಂಬ ಅನ್ವಯವ್ಯತಿರೇಕಗಳನ್ನು ಸಾಧಿಸಬೇಕಾದರೆ, ಉಳಿದುದೆಲ್ಲವೂ ಸಮಾನವಾಗಿರಬೇಕು.

ಹಾಗಾದರೆ 47 ಎಂಬ ಸಂಖ್ಯೆಯು ಚಿಕ್ಕದಾದುದೇ ದೋಷವೆ ಎಂದು ಕೇಳಬಹುದು. ಸಂಖ್ಯೆಯೊಂದೇ ಅಲ್ಲ. ಇದೇ ಸಿ ಜೀವಸತ್ತ್ವದ ಚರಿತ್ರೆಯಲ್ಲಿಯೇ ಅದಕ್ಕೆ ಉತ್ತರವಿದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಸ್ಕರ್ವಿ ರೋಗದಿಂದ ವಸಡು ಕೊಳೆತು ಬಿದ್ದಿದ್ದ ಹನ್ನೆರಡೇ ಮಂದಿ ನಾವಿಕರನ್ನು ಆರಿಸಿಕೊಂಡನು. ಎಲ್ಲರೂ ಒಂದೇ ಹಡಗಿನವರು; ಒಂದೇ ಸ್ಥಳದಲ್ಲಿ ಮಲಗಿದವರು; ಊಟವೂ ಒಂದೇ. ಇಬ್ಬಿಬ್ಬರಿಗೆ ಒಂದೊಂದು ಮದ್ದು. ಕಿತ್ತಳೆ ಮತ್ತು ನಿಂಬೆಯನ್ನು ತಿಂದ ಇಬ್ಬರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. ಹನ್ನೆರಡು ಮಂದಿಯ ಆ ಪರೀಕ್ಷೆಯು ಸತ್ಯವನ್ನು ಹೇಳಿತು. ಏಕೆಂದರೆ ಅವನು ಹೋಲಿಸಿದುದು ಅದೇ ದಿನದ, ಅದೇ ಹಡಗಿನ ರೋಗಿಗಳನ್ನು. ಇಂಗ್ಲೆಂಡಿನ ನೌಕಾದಳವು ಎಲ್ಲ ನಾವಿಕರಿಗೂ ನಿಂಬೆರಸವನ್ನು ಕೊಡಲು ಒಪ್ಪಿದುದು 1795ರಲ್ಲಿ, ನಾಲ್ಕೆಂಟು ವರ್ಷಗಳಲ್ಲ, 48 ವರ್ಷಗಳಾದ ಮೇಲೆ. ಸರಕಾರಿ ಕಚೇರಿಗಳ ವೇಗವು ಆ ದೇಶದಲ್ಲಿಯೂ ಹಾಗೆಯೇ ಇದ್ದಿತೆಂದು ತೋರುತ್ತದೆ.

ಈ ಕಾಲದಲ್ಲಿ ಅಷ್ಟು ತಡವಾಗಲಿಲ್ಲ. ಮಾರಿಕ್ ಅವರ ಲೇಖನವು ಬಂದ ಕೂಡಲೆ ಅನೇಕ ದೇಶಗಳ ವೈದ್ಯರು ಸರಿಯಾದ ಪರೀಕ್ಷೆಗೆ ತೊಡಗಿದರು. ಸರಿಯಾದ ಪರೀಕ್ಷೆಯೆಂದರೆ, ರೋಗಿಯು ಯಾವ ಗುಂಪಿಗೆ ಸೇರಬೇಕೆಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ ಚೀಟಿ ಎತ್ತಿದಂತೆ ಗೊತ್ತುಮಾಡುವುದು. ಎರಡು ಗುಂಪುಗಳಿಗೂ ಒಂದೇ ಕಾಲದಲ್ಲಿ ಚಿಕಿತ್ಸೆ ಮಾಡುವುದು. ಸಾಧ್ಯವಾದಲ್ಲಿ ಒಂದು ಗುಂಪಿಗೆ ಹುಸಿಮದ್ದನ್ನು ಕೊಟ್ಟು ಯಾರಿಗೆ ಯಾವುದೆಂಬುದನ್ನು ಗುಟ್ಟಾಗಿಡುವುದು. ಕ್ರೂರವೆಂದು ಕೆಲವರಿಗೆ ತೋರಬಹುದು. ಆದರೆ ಕಾಣದ ಉಪಾಧಿಗಳನ್ನು ಎರಡು ತಕ್ಕಡಿಗಳಿಗೂ ಸಮನಾಗಿ ಹಂಚುವ ಉಪಾಯವು ಇದಕ್ಕಿಂತ ಉತ್ತಮವಾದುದು ಇನ್ನೂ ಹುಟ್ಟಿಲ್ಲ.

ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರೆಜಿಲ್ ದೇಶಗಳ ಹತ್ತು ಘಟಕಗಳಲ್ಲಿ ನಡೆದ ಪರೀಕ್ಷೆಯು 2020ರ ಜನವರಿಯಲ್ಲಿ ಪ್ರಕಟವಾಯಿತು. ಅಲ್ಲಿನ ಪಂಡಿತರು ಒಂದು ಜಾಣತನವನ್ನು ಮಾಡಿದ್ದರು. ಸ್ಟೀರಾಯ್ಡನ್ನು ಎರಡು ಗುಂಪುಗಳಿಗೂ ಕೊಟ್ಟು, ಜೀವಸತ್ತ್ವಗಳನ್ನು ಒಂದಕ್ಕೆ ಮಾತ್ರ ಕೊಟ್ಟರು. ಏಳು ದಿನಗಳಲ್ಲಿ ರೋಗಿಯು ಬದುಕಿದ್ದು ಒತ್ತಡದ ಔಷಧದ ಹಂಗಿಲ್ಲದೆ ಇದ್ದ ಗಂಟೆಗಳನ್ನು ಎಣಿಸಿದರೆ, ಜೀವಸತ್ತ್ವವನ್ನು ಪಡೆದವರಿಗೆ 122.1 ಗಂಟೆ, ಪಡೆಯದವರಿಗೆ 124.6 ಗಂಟೆ. ಲಾಭವು ಸೊನ್ನೆ. ಅಮೆರಿಕದ 43 ಆಸ್ಪತ್ರೆಗಳಲ್ಲಿ 501 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಮೂರು ಮದ್ದುಗಳ ಕೂಟವನ್ನು ಹುಸಿಮದ್ದಿನೊಂದಿಗೆ ತೂಗಿದರು. ಮೂವತ್ತು ದಿನಗಳೊಳಗೆ ಸತ್ತವರು ಒಂದು ಕಡೆ ನೂರಕ್ಕೆ 22, ಮತ್ತೊಂದು ಕಡೆ 24. ಇದು ಎಣಿಕೆಗೆ ಬಾರದ ವ್ಯತ್ಯಾಸ. ದ್ರವ್ಯಸಹಾಯವು ನಿಂತುದರಿಂದ ಆ ಪರೀಕ್ಷೆಯು ಉದ್ದೇಶಿಸಿದಷ್ಟು ದೊಡ್ಡದಾಗಲಿಲ್ಲವೆಂಬುದು ನಿಜ. ಆದರೆ ನಾರ್‌ಫೋಕಿನಲ್ಲಿ ಕಂಡಂತೆ ಐದರಲ್ಲಿ ನಾಲ್ಕು ಸಾವುಗಳನ್ನು ತಪ್ಪಿಸುವ ಮದ್ದಾಗಿದ್ದರೆ, 501 ಮಂದಿಯಲ್ಲಿ ಅದು ಅಡಗಿಕೊಂಡಿರಲು ಸಾಧ್ಯವಿರಲಿಲ್ಲ.

ಆಶೆಯು ಮಾತ್ರ ಸುಲಭವಾಗಿ ಸಾಯುವುದಿಲ್ಲ. ಸಿ ಜೀವಸತ್ತ್ವವೊಂದನ್ನೇ ಕೊಟ್ಟು 167 ಮಂದಿಯ ಮೇಲೆ ಮಾಡಿದ ಪರೀಕ್ಷೆಯೊಂದು 2019ರಲ್ಲಿಯೇ ಬಂದಿತ್ತು. ಅದರ ಮುಖ್ಯ ಉದ್ದೇಶವು ಸಫಲವಾಗಿರಲಿಲ್ಲ. ಆದರೆ ಪಕ್ಕದ ಲೆಕ್ಕದಲ್ಲಿ ಜೀವಸತ್ತ್ವವನ್ನು ಪಡೆದವರಲ್ಲಿ ನೂರಕ್ಕೆ 29.8, ಪಡೆಯದವರಲ್ಲಿ 46.3 ಮಂದಿ ಮೃತರಾಗಿದ್ದರು. ಅದನ್ನೇ ಹಿಡಿದುಕೊಂಡು ಕೆಲವರು, ಇನ್ನೂ ಹೆಚ್ಚಾಗಿ ಕೊಟ್ಟು ನೋಡಬೇಕು ಎಂದರು. ನೋಡಿಯೂ ಆಯಿತು. ಕೆನಡಾ, ಫ್ರಾನ್ಸ್, ನ್ಯೂಜಿಲೆಂಡ್ ದೇಶಗಳ 35 ಘಟಕಗಳಲ್ಲಿ, ದೇಹದ ತೂಕದ ಕಿಲೋ ಒಂದಕ್ಕೆ 50 ಮಿಲಿಗ್ರಾಮಿನಂತೆ ಆರು ಗಂಟೆಗೊಮ್ಮೆ, ನಾಲ್ಕು ದಿನಗಳವರೆಗೆ ಕೊಟ್ಟರು. ಫಲಿತಾಂಶವು 2022ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದಿತು. ಇಪ್ಪತ್ತೆಂಟನೆಯ ದಿನ ಎಣಿಸಿದಾಗ, ಸತ್ತವರು ಅಥವಾ ಅಂಗಗಳು ಕೆಟ್ಟು ಯಂತ್ರ ಔಷಧಗಳ ಆಸರೆಯಲ್ಲಿಯೇ ಉಳಿದವರು ಹುಸಿಮದ್ದಿನ 434 ಮಂದಿಯಲ್ಲಿ 167, ಜೀವಸತ್ತ್ವದ 429 ಮಂದಿಯಲ್ಲಿ 191. ನೂರಕ್ಕೆ 38.5 ಇದ್ದುದು 44.5 ಆಯಿತು.

ಮೇಲಿನ ಸಂಖ್ಯೆಗಳನ್ನು ವಾಚಕರು ದಯವಿಟ್ಟು ಇನ್ನೊಮ್ಮೆ ಓದಬೇಕು. ಲಾಭವಾಗಲಿಲ್ಲವೆಂಬುದಲ್ಲ, ಕೊಟ್ಟವರಲ್ಲಿಯೇ ಕೆಡುಕು ಹೆಚ್ಚಾಗಿ ಕಂಡಿತು. ಕೆಡುಕಾದ ಬಗೆಯು ರಕ್ತದ ಪರೀಕ್ಷೆಗಳಲ್ಲಿ ಗುರುತಿಗೆ ಸಿಕ್ಕಲಿಲ್ಲ. ಇದು ಜೀವಸತ್ತ್ವವೊಂದನ್ನೇ ಕುರಿತ ಪರೀಕ್ಷೆಯೆಂಬುದನ್ನೂ, ಮೂರರ ಕೂಟವನ್ನು ಕುರಿತ ದೊಡ್ಡ ಪರೀಕ್ಷೆಗಳಲ್ಲಿ ಇಂತಹ ಹಾನಿಯು ಸಿದ್ಧವಾಗಲಿಲ್ಲವೆಂಬುದನ್ನೂ ನಾವು ಮರೆಮಾಚಬಾರದು. ಆದರೆ ‘ಹಣ್ಣಿನಲ್ಲಿರುವ ವಸ್ತು, ಕೊಟ್ಟರೆ ಕೆಡುಕೇನು’ ಎಂಬ ಮಾತನ್ನು ಇನ್ನು ಮುಂದೆ ಯಾರೂ ನಿಶ್ಚಿಂತರಾಗಿ ಆಡುವಂತಿಲ್ಲ. ನೆಲ್ಲಿಕಾಯಿಯ ಉಪ್ಪಿನಕಾಯಿಗೂ ರಕ್ತನಾಳದಲ್ಲಿ ಸುರಿದ ಆರು ಗ್ರಾಮಿಗೂ ಹೆಸರೊಂದೇ ಸಮಾನ. ಕರೋನಾ ಮಾರಿಯ ದಿನಗಳಲ್ಲಿ ನಮ್ಮ ಊರುಗಳಲ್ಲಿ ಚೀಪುವ ಸಿ ಜೀವಸತ್ತ್ವದ ಮಾತ್ರೆಗಳಿಗಾಗಿ ಔಷಧದಂಗಡಿಗಳನ್ನು ಸುತ್ತಿದವರು ಕಡಿಮೆಯೆ? ಆ ರೋಗದಿಂದ ಆಸ್ಪತ್ರೆ ಸೇರಿದವರಿಗೆ ಅದೇ ಜೀವಸತ್ತ್ವವನ್ನು ರಕ್ತನಾಳದಲ್ಲಿ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಗಳೂ 2023ರಲ್ಲಿ ಯಾವ ಪ್ರಯೋಜನವನ್ನೂ ತೋರಿಸಲಿಲ್ಲ.

ಸೆಪ್ಸಿಸ್ಸಿನ ಚಿಕಿತ್ಸೆಗಾಗಿ ಅನೇಕ ದೇಶಗಳ ಪಂಡಿತರು 2021ರಲ್ಲಿ ಪ್ರಕಟಿಸಿದ ಮಾರ್ಗದರ್ಶಕ ಸೂತ್ರಗಳಲ್ಲಿ, ರಕ್ತನಾಳದ ಮೂಲಕ ಸಿ ಜೀವಸತ್ತ್ವವನ್ನು ಕೊಡದಿರುವುದೇ ಮೇಲೆಂದು ಸೂಚಿಸಿದ್ದಾರೆ. ಅದೂ ಮೇಲೆ ಹೇಳಿದ ಹಾನಿಯು ಬೆಳಕಿಗೆ ಬರುವುದಕ್ಕೆ ಮೊದಲೇ.

ಮೂವರಲ್ಲಿ ಸ್ಟೀರಾಯ್ಡಿನ ಗತಿಯು ಬೇರೆ. ಅದು ಬಿದ್ದು ಎದ್ದು ಬಂದ ಮದ್ದು. 1976ರಲ್ಲಿ ಅದನ್ನು ಭಾರಿ ಪ್ರಮಾಣದಲ್ಲಿ ಕೊಟ್ಟು ಅದ್ಭುತವಾದ ಫಲವುಂಟೆಂದರು. 1987ರಲ್ಲಿ ಬಂದ ಎರಡು ದೊಡ್ಡ ಪರೀಕ್ಷೆಗಳು ಅದನ್ನು ಅಲ್ಲಗಳೆದುವು. ಅನಂತರ ಪ್ರಮಾಣವನ್ನು ತಗ್ಗಿಸಿ ಮತ್ತೆ ನೋಡಿದರು. 2018ರಲ್ಲಿ ಪ್ರಕಟವಾದ, 3,658 ಮಂದಿಯ ಲೆಕ್ಕವುಳ್ಳ ಪರೀಕ್ಷೆಯಲ್ಲಿ ತೊಂಬತ್ತು ದಿನಗಳೊಳಗಿನ ಸಾವು ಸ್ಟೀರಾಯ್ಡು ಪಡೆದವರಲ್ಲಿ ನೂರಕ್ಕೆ 27.9, ಪಡೆಯದವರಲ್ಲಿ 28.8, ಎಂದರೆ ಬಹುಮಟ್ಟಿಗೆ ಸಮ. ಆದರೆ ಕುಸಿದ ಒತ್ತಡವು ನೆಟ್ಟಗಾಗಲು ಇವರಿಗೆ ಮೂರು ದಿನ, ಅವರಿಗೆ ನಾಲ್ಕು ದಿನ ಹಿಡಿಯಿತು. ಅದೇ ವರ್ಷ ಫ್ರಾನ್ಸಿನಲ್ಲಿ, ಹೈಡ್ರೊಕಾರ್ಟಿಸೋನಿನ ಜೊತೆಗೆ ಅದೇ ಜಾತಿಯ ಮತ್ತೊಂದು ಮದ್ದನ್ನೂ ಸೇರಿಸಿ 1,241 ಮಂದಿಯಲ್ಲಿ ನೋಡಿದಾಗ, ಸಾವು ನೂರಕ್ಕೆ 49.1 ಇದ್ದುದು 43.0ಕ್ಕೆ ಇಳಿಯಿತು. ಆದುದರಿಂದ, ಒತ್ತಡದ ಔಷಧವನ್ನು ಬಿಡಿಸಲಾಗದ ವಿಷಮಸ್ಥಿತಿಯ ರೋಗಿಗಳಿಗೆ ದಿನಕ್ಕೆ 200 ಮಿಲಿಗ್ರಾಮು ಹೈಡ್ರೊಕಾರ್ಟಿಸೋನನ್ನು ಕೊಡಬಹುದೆಂದು ಮೇಲ್ಕಂಡ ಸೂತ್ರಗಳಲ್ಲಿಯೇ ಇದೆ. ಅದು ಪವಾಡವಲ್ಲ, ಒಂದು ಊರುಗೋಲು. ಸಕ್ಕರೆಯನ್ನು ಏರಿಸುವುದೇ ಮೊದಲಾದ ಬಾಧಕಗಳೂ ಅದಕ್ಕುಂಟು.

ಈಗ ನಮ್ಮ ಮಲೆನಾಡಿನ ಸೋದರಿಯ ಪ್ರಶ್ನೆ. ನಿಮ್ಮ ಮೈದುನನಿಗೆ ಆ ಜೀವಸತ್ತ್ವವನ್ನು ಕೊಡಿಸಿದ್ದರೆ ಉಳಿಯುತ್ತಿದ್ದನೆಂದು ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ತಲೆಯಾಡಿಸಿದ ವೈದ್ಯರು ಉದಾಸೀನರಾಗಿದ್ದರೆಂದು ಎಣಿಸಬೇಡಿರಿ. ಅವರು ನಿಮ್ಮ ನೆಂಟರಿಗಿಂತ ಹೊಸ ಸುದ್ದಿಯನ್ನು ಓದಿದವರಾಗಿದ್ದರು. ಆ ಕಾಗದವನ್ನು ಮೂಲೆಯಲ್ಲಿ ಕುಳಿತು ವಿವರಿಸಿ ಹೇಳುವಷ್ಟು ವ್ಯವಧಾನವು ಅವರಿಗೆ ಇರಲಿಲ್ಲವೆಂಬುದೇ ನಮ್ಮ ವಿಷಾದ. ಎರಡು ನಿಮಿಷದ ಆ ಮಾತು ನಿಮ್ಮ ಮನೆಯಲ್ಲಿ ಎಷ್ಟೋ ರಾತ್ರಿಗಳ ಸಂಕಟವನ್ನು ತಪ್ಪಿಸುತ್ತಿದ್ದಿತು. ನಿಮ್ಮ ಅತ್ತೆಯವರಿಗೆ ಈ ಲೇಖನವನ್ನು ನೀವೇ ಓದಿ ಹೇಳಿರಿ. ಮಾಡಬೇಕಾದುದನ್ನು ಬಿಟ್ಟ ತಪ್ಪು ಅವರ ಮೇಲಿಲ್ಲ.

ಮನೆಯವರ ಕೈಯಲ್ಲಿ ಏನೂ ಇಲ್ಲವೆ? ಉಂಟು, ಆದರೆ ಅದಿರುವುದು ತೀವ್ರ ನಿಗಾ ಘಟಕದ ಬಾಗಿಲ ಬಳಿಯಲ್ಲಲ್ಲ, ಮನೆಯ ನಡುಮನೆಯಲ್ಲಿ. ಈ ರೋಗದಲ್ಲಿ ಸಂಶಯವಿಲ್ಲದೆ ಪ್ರಾಣವನ್ನುಳಿಸುವುದು ಸರಿಯಾದ ಆಂಟಿಬಯಾಟಿಕ್ ಔಷಧ, ಸಲೈನು, ಕೀವಿದ್ದಲ್ಲಿ ಅದನ್ನು ಕೊಯ್ದು ಹೊರಹಾಕುವುದು. ಇವುಗಳಿಗೆಲ್ಲ ಕಾಲವೇ ಮುಖ್ಯ. ಒತ್ತಡವು ಕುಸಿದ ರೋಗಿಗೆ ರೋಗವನ್ನು ಗುರುತಿಸಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಬೀಳಬೇಕೆಂಬುದು ವೈದ್ಯರ ನಿಯಮ. ನಾವೋ, ಗಾಯಕ್ಕೆ ಅರಿಸಿನ ಹಚ್ಚಿ, ಜ್ವರಕ್ಕೆ ಕಷಾಯ ಕುಡಿಸಿ, ಬೆಳಗಾಗಲಿ ನೋಡೋಣವೆಂದು ಮಲಗುತ್ತೇವೆ. ಗಾಯ, ಕೆಮ್ಮು, ಉರಿಮೂತ್ರ, ಹೆರಿಗೆ, ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಾದರೊಂದು ಆಗಿರುವ ಮನುಷ್ಯನು ಇದ್ದಕ್ಕಿದ್ದಂತೆ ಗಲಿಬಿಲಿಯಾಗಿ ಮಾತನಾಡಿದರೆ, ನಿಮಿಷಕ್ಕೆ 22 ಬಾರಿಗೆ ಕಡಿಮೆಯಿಲ್ಲದಂತೆ ಉಸಿರೆಳೆದುಕೊಂಡರೆ, ಗಡಗಡನೆ ನಡುಗಿದರೆ, ಕೈಕಾಲು ತಣ್ಣಗಾಗಿ ಬಣ್ಣಗೆಟ್ಟರೆ, ದಿನವೆಲ್ಲ ಮೂತ್ರವಾಗದಿದ್ದರೆ, ಬೆಳಗನ್ನು ಕಾಯದೆ ಆಗಲೇ ಹೊರಡಬೇಕು. ಮುದುಕರಲ್ಲಿ ಜ್ವರವು ಕಾಣಿಸದೆಯೂ ಇರಬಹುದು; ಮೈ ತಣ್ಣಗಿದೆಯೆಂದು ಸಮಾಧಾನಪಡುವುದು ಬೇಡ. ‘ಅಜ್ಜ ಏಕೋ ಅರಳುಮರಳಾಗಿ ಆಡುತ್ತಿದ್ದಾರೆ’ ಎಂಬುದೇ ಎಷ್ಟೋ ವೇಳೆ ಮೊದಲನೆಯ ಗುರುತು. ಆಸ್ಪತ್ರೆಯನ್ನು ಮುಟ್ಟಿದ ಕೂಡಲೆ, ‘ಇದು ಸೆಪ್ಸಿಸ್ ಇರಬಹುದೆ?’ ಎಂದು ನೇರವಾಗಿ ಕೇಳುವುದರಲ್ಲಿ ಯಾವ ಅವಿನಯವೂ ಇಲ್ಲ.

ವೈದ್ಯರ ಮುಂದೆ ಹೇಳಲೇಬೇಕಾದ ಕೆಲವು ಮಾತುಗಳುಂಟು. ಎಲ್ಲಿಯಾದರೂ ಯಾರಾದರೂ ಸಿ ಜೀವಸತ್ತ್ವವನ್ನು ಭಾರಿ ಪ್ರಮಾಣದಲ್ಲಿ ರಕ್ತನಾಳದಲ್ಲಿ ಕೊಟ್ಟಿದ್ದರೆ ಅದನ್ನು ಮುಚ್ಚಿಡಬಾರದು. ಬೆರಳನ್ನು ಚುಚ್ಚಿ ಸಕ್ಕರೆಯನ್ನು ನೋಡುವ ಯಂತ್ರಗಳಲ್ಲಿ ಕೆಲವು ಆ ಜೀವಸತ್ತ್ವವನ್ನೇ ಸಕ್ಕರೆಯೆಂದು ತಿಳಿದು ಇಲ್ಲದ ಏರಿಕೆಯನ್ನು ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ನಿಜವಾದ ಸಕ್ಕರೆಯು ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಹರಳಿನ ಭಯವುಂಟು. ಜಿ6ಪಿಡಿ ಎಂಬ ಕಿಣ್ವವು ಹುಟ್ಟಿನಿಂದಲೇ ಕೊರತೆಯಾಗಿರುವವರಲ್ಲಿ ಅದರಿಂದ ರಕ್ತದ ಕಣಗಳು ಒಡೆಯುವುದುಂಟು. ಬಹುಕಾಲದಿಂದ ಮದ್ಯಪಾನ ಮಾಡುತ್ತಿರುವವನಾಗಲಿ, ಸರಿಯಾದ ಆಹಾರವಿಲ್ಲದೆ ಸೊರಗಿದವನಾಗಲಿ ಆಗಿದ್ದರೆ ನಾಚದೆ ಅದನ್ನೂ ಹೇಳಬೇಕು; ಅಂಥವರಿಗೆ ಥಯಾಮಿನ್ ನಿಜವಾಗಿಯೂ ಬೇಕಾಗುವ ಮದ್ದು, ಅದಕ್ಕೂ ಈ ಕೂಟದ ಕಥೆಗೂ ಸಂಬಂಧವಿಲ್ಲ. ಇನ್ನು ಉಬ್ಬಸಕ್ಕೋ ಕೀಲುನೋವಿಗೋ ತಿಂಗಳುಗಟ್ಟಲೆ ಸ್ಟೀರಾಯ್ಡು ಮಾತ್ರೆಗಳನ್ನು ನುಂಗುತ್ತಿರುವವರ ಗ್ರಂಥಿಗಳು ತಮ್ಮ ಕೆಲಸವನ್ನು ಮರೆತು ಸೋಮಾರಿಗಳಾಗಿರುತ್ತವೆ. ಸೋಂಕು ತಗಲಿದಾಗ ಇಂತಹವರು ಮಾತ್ರೆಯನ್ನು ತಟ್ಟನೆ ನಿಲ್ಲಿಸಿಬಿಟ್ಟರೆ, ದೇಹಕ್ಕೆ ಆ ರಸವು ಹೆಚ್ಚಾಗಿ ಬೇಕಾದ ವೇಳೆಯಲ್ಲಿಯೇ ಅದು ದೊರೆಯದೆ ಹೋಗುತ್ತದೆ. ಮಾತ್ರೆಯ ಹೆಸರು, ಪ್ರಮಾಣ, ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿರುವುದೆಂಬ ವಿವರ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪಡಿತರದ ಚೀಟಿಯನ್ನಿಡುವ ಸ್ಥಳದಲ್ಲಿಯೇ ಇಟ್ಟಿರಬೇಕು; ಆಸ್ಪತ್ರೆಗೆ ಹೊರಡುವಾಗ ಅದು ಮೊದಲು ಕೈಗೆ ಸಿಕ್ಕುವಂತಿರಲಿ.